ಹಗೇವಿನ ರಾಗಿಗೂ ಜಿನೀವಾದ ಲೆಕ್ಕಕ್ಕೂ ಏನು ನಂಟು?

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕಾಫಿ ತೋಟ, ಮಂಜು, ಜಡಿಮಳೆ. ಆದರೆ ಬಾಬಾಬುಡನ್‌ಗಿರಿಯ ಸಾಲು ದಾಟಿ ಪೂರ್ವಕ್ಕೆ ಇಳಿದರೆ ನೋಟವೇ ಬೇರೆ. ಮೋಡಗಳು ತಮ್ಮಲ್ಲಿದ್ದ ನೀರನ್ನೆಲ್ಲ ಬೆಟ್ಟದ ಆಚೆಗೇ ಸುರಿದು ಹಗುರಾಗಿ ಬರುವ ಸೀಮೆ ಇದು. ಕಡೂರು ಬಯಲು. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರಿನ ಹೆಸರಿತ್ತು. 1947ರಲ್ಲಷ್ಟೇ ಅದು ಚಿಕ್ಕಮಗಳೂರು ಜಿಲ್ಲೆ ಎನಿಸಿಕೊಂಡಿತು.

ಈ ಬಯಲಿನ ಒಂದು ಹೋಬಳಿ ಕೇಂದ್ರ ಹಿರೇನಲ್ಲೂರು. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವಿರುವ ಹಳೆಯ ಊರು. ಸುತ್ತಮುತ್ತ ತೆಂಗು, ರಾಗಿ, ಈರುಳ್ಳಿ, ಕಡಲೆಕಾಯಿ. ಮಳೆ ಬಂದರೆ ಬೆಳೆ, ಬಾರದಿದ್ದರೆ ಬರ. ಮುಂಗಾರು ಹಿಡಿದಾಗ ಕೂರಿಗೆ ಹೂಡಿ ರಾಗಿ ಬಿತ್ತಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕಿ, ಸುಗ್ಗಿಯ ಹೊತ್ತಿಗೆ ಕಣ ಮಾಡುವುದು ಇಲ್ಲಿನ ರೈತರ ತಲೆತಲಾಂತರದ ಪದ್ಧತಿ.

ಇಂಥ ಊರಿಗೂ ಸ್ವಿಟ್ಜರ್‌ಲೆಂಡಿನ ಜಿನೀವಾ ನಗರಕ್ಕೂ ಏನು ಸಂಬಂಧ? ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ಹಿರೇನಲ್ಲೂರಿನ ರೈತನಿಂದ ಸರ್ಕಾರ ಎಷ್ಟು ಬೆಲೆಗೆ ಧಾನ್ಯ ಕೊಳ್ಳಬಹುದು, ಕೊಂಡದ್ದನ್ನು ಎಷ್ಟು ದಾಸ್ತಾನು ಮಾಡಬಹುದು ಎಂಬ ಪ್ರಶ್ನೆಗಳು ಜಿನೀವಾದ ಮೇಜಿನ ಮೇಲೆ 30 ವರ್ಷಗಳಿಂದಲೂ ಇವೆ. ಅಲ್ಲಿರುವುದು ವಿಶ್ವ ವ್ಯಾಪಾರ ಸಂಸ್ಥೆಯ ಕೇಂದ್ರ ಕಚೇರಿ.

ನೆಲದೊಳಗಿನ ಬ್ಯಾಂಕು

ಇಂದಿನ ಮಕ್ಕಳಲ್ಲಿ ಎಷ್ಟು ಮಂದಿ ಹಗೇವು ನೋಡಿದ್ದಾರೋ! ಹಳೆಯ ಮೈಸೂರು ಸೀಮೆಯ ಬಯಲು ಊರುಗಳಲ್ಲಿ ಹಿಂದೆ ಅನುಕೂಲಸ್ಥರ ಮನೆಯ ಮುಂದೆ, ಕೆಲವೆಡೆ ಊರಿನ ಗಟ್ಟಿ ನೆಲದಲ್ಲಿ, ಧಾನ್ಯ ತುಂಬಲೆಂದೇ ತೋಡಿದ ನೆಲಮಾಳಿಗೆ ಇರುತ್ತಿತ್ತು. ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಾರಣ ಹುಳು ಬೀಳುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ.

ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಕನಕದಾಸರ 'ರಾಮಧಾನ್ಯ ಚರಿತೆ'ಯ ಕತೆ ನಿಂತಿರುವುದೇ ಈ ಗುಣದ ಮೇಲೆ. ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಎಂಬ ಜಗಳ ಬಂದಾಗ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿಯೇ ಇತ್ತು. ಬರಗಾಲದ ಸೀಮೆಯವರಿಗೆ ಯಾವ ಧಾನ್ಯ ಯಾಕೆ ಮುಖ್ಯ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಒಳ್ಳೆಯ ವರ್ಷ ತುಂಬಿಡು, ಕೆಟ್ಟ ವರ್ಷ ತೆಗೆದು ಉಣ್ಣು. ಹಗೇವು ಎಂದರೆ ಇಷ್ಟೇ. ಇಂದಿನ ಭಾಷೆಯಲ್ಲಿ ಇದಕ್ಕೆ ಆಹಾರ ಭದ್ರತೆ ಎಂಬ ದೊಡ್ಡ ಹೆಸರಿದೆ.

ಮನೆಯ ಹಗೇವು ಮರೆಯಾದ ಮೇಲೆ ಅದರ ಜಾಗಕ್ಕೆ ಬಂದದ್ದು ದೇಶದ ಹಗೇವು. 1960ರ ದಶಕದ ಮಧ್ಯಭಾಗದಲ್ಲಿ ಎರಡು ವರ್ಷ ಒಂದರ ಹಿಂದೊಂದು ಬರ ಬಿದ್ದಾಗ ಭಾರತ ಅಮೆರಿಕದ ಪಿಎಲ್-480 ಯೋಜನೆಯ ಗೋಧಿಯನ್ನು ಕಾಯುತ್ತ ಕೂರಬೇಕಾಯಿತು. ಹಡಗು ಬಂದರೆ ಊಟ ಎಂಬ ಸ್ಥಿತಿ. 1966ರಲ್ಲಿ ಹೊರಗಿನಿಂದ ಬಂದ ಧಾನ್ಯ ಸುಮಾರು ಒಂದು ಕೋಟಿ ಟನ್. ಆ ಅವಮಾನದ ದಿನಗಳಲ್ಲೇ, 1965ರಲ್ಲಿ, ಭಾರತ ಆಹಾರ ನಿಗಮ ಹುಟ್ಟಿತು. ಬೆಂಬಲ ಬೆಲೆಯನ್ನು ಸೂಚಿಸುವ ಕೃಷಿ ಬೆಲೆ ಆಯೋಗವೂ ಅದೇ ವರ್ಷದ್ದು. ಮೊದಲೇ ಸಾರಿದ ಬೆಲೆಗೆ ರೈತನಿಂದ ಕೊಳ್ಳುವುದು, ಗೋದಾಮಿನಲ್ಲಿಡುವುದು, ಪಡಿತರ ಅಂಗಡಿಯಲ್ಲಿ ಅಗ್ಗವಾಗಿ ಕೊಡುವುದು: ಈ ಮೂರು ಕೆಲಸಗಳು ಸೇರಿ ದೇಶದ ಹಗೇವು ಆಯಿತು.

ಬಹುಕಾಲ ಈ ಹಗೇವಿನಲ್ಲಿ ಭತ್ತ, ಗೋಧಿಗೆ ಇದ್ದ ಮರ್ಯಾದೆ ರಾಗಿಗೆ ಇರಲಿಲ್ಲ. ಪಂಜಾಬ್, ಹರಿಯಾಣಗಳ ಚೀಲಗಳೇ ಮುಂದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಒರಟು ಧಾನ್ಯಗಳನ್ನೂ ಪಡಿತರಕ್ಕೆ ಸೇರಿಸಿತು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಕರ್ನಾಟಕ ಅದನ್ನು ಕೊಂಡು, ರಾಗಿ ಉಣ್ಣುವ ದಕ್ಷಿಣದ ಜಿಲ್ಲೆಗಳಲ್ಲಿ ಹಂಚುವ ಪದ್ಧತಿ ಬೆಳೆಸಿತು. ಉತ್ತರದ ಕಡೆ ಜೋಳ. 2013-14ರಲ್ಲಿ ಕ್ವಿಂಟಾಲ್ ರಾಗಿಗೆ ಬೆಂಬಲ ಬೆಲೆ 1,500 ರೂಪಾಯಿ ಇತ್ತು. 2025-26ಕ್ಕೆ ಅದು 4,886 ರೂಪಾಯಿ.

ಇದು ರೈತನ ಮನೆಗೆ ಏನು ಮಾಡುತ್ತದೆ? ಹಿರೇನಲ್ಲೂರು ಸೀಮೆಯ ಒಬ್ಬ ಸಣ್ಣ ರೈತ 20 ಕ್ವಿಂಟಾಲ್ ರಾಗಿ ಬೆಳೆದು, ಮನೆಖರ್ಚು, ಬಿತ್ತನೆ, ಕೊಡುಕೊಳ್ಳುವುದೆಲ್ಲ ಕಳೆದು 10 ಕ್ವಿಂಟಾಲ್ ಮಾರುತ್ತಾನೆ ಎಂದುಕೊಳ್ಳಿ. ಸುಗ್ಗಿಯಲ್ಲಿ ವ್ಯಾಪಾರಿ 3,500 ರೂಪಾಯಿಗೆ ಕೇಳಿದರೆ ಕೈಗೆ ಬರುವುದು 35,000. ಖರೀದಿ ಕೇಂದ್ರದಲ್ಲಿ 48,860. ನಡುವಿನ 13,860 ರೂಪಾಯಿ ಶ್ರೀಮಂತರಿಗೆ ದೊಡ್ಡದಲ್ಲ. ಆದರೆ ಆ ಮನೆಯ ಹುಡುಗಿ ಕಡೂರಿನ ಕಾಲೇಜಿಗೆ ಹೋಗುವುದೋ ಬಿಡುವುದೋ ಎಂಬುದು ಎಷ್ಟೋ ಸಲ ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಡಂಕೆಲ್ ಕರಡಿನಿಂದ ಮರ್ರಾಕೆಶ್‌ವರೆಗೆ

ಪರೀಕ್ಷೆಗೆ ಇಸವಿಗಳನ್ನು ಉರು ಹೊಡೆಯುವ ವಿದ್ಯಾರ್ಥಿಗಳು ಗ್ಯಾಟ್ ಎಂಬ ಹೆಸರು ಕೇಳಿಯೇ ಇರುತ್ತಾರೆ. ಸುಂಕ ಮತ್ತು ವ್ಯಾಪಾರ ಕುರಿತ ಸಾಮಾನ್ಯ ಒಪ್ಪಂದ. 1947ರಲ್ಲಿ ಜಿನೀವಾದಲ್ಲಿ 23 ದೇಶಗಳು ಮಾಡಿಕೊಂಡ ಈ ಒಪ್ಪಂದದಲ್ಲಿ ಭಾರತವೂ ಇತ್ತು. ಮುಖ್ಯವಾಗಿ ಕಾರ್ಖಾನೆಯ ಸರಕಿನ ಸುಂಕ ತಗ್ಗಿಸುವುದು ಅದರ ಕೆಲಸ. ಕೃಷಿ ಹೆಚ್ಚುಕಡಿಮೆ ಹೊರಗೇ ಉಳಿದಿತ್ತು. 1986ರಲ್ಲಿ ಉರುಗ್ವೆಯ ಪುಂಟಾ ಡೆಲ್ ಎಸ್ತೆಯಲ್ಲಿ ಶುರುವಾದ ಮಾತುಕತೆಯಲ್ಲಿ ಕೃಷಿ, ಬೀಜ, ಪೇಟೆಂಟ್ ಎಲ್ಲವೂ ಒಳಗೆ ಬಂದವು. 1991ರ ಡಿಸೆಂಬರ್‌ನಲ್ಲಿ ಗ್ಯಾಟ್‌ನ ಮಹಾನಿರ್ದೇಶಕ ಆರ್ಥರ್ ಡಂಕೆಲ್ ಮಂಡಿಸಿದ ಕರಡೇ ಆಗ ಮನೆಮಾತಾದ ಡಂಕೆಲ್ ಪ್ರಸ್ತಾವ.

ಅದರ ವಿರುದ್ಧ ದೇಶದಲ್ಲೇ ದೊಡ್ಡ ಗದ್ದಲ ಎದ್ದ ರಾಜ್ಯಗಳಲ್ಲಿ ಕರ್ನಾಟಕ ಒಂದು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರಾಜ್ಯ ರೈತ ಸಂಘದ ಕಾರ್ಯಕರ್ತರು 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪೆನಿಯ ಕಚೇರಿಗೆ ನುಗ್ಗಿ ಕಡತಗಳಿಗೆ ಬೆಂಕಿ ಇಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪೆನಿಯ ಘಟಕ ನೆಲಸಮವಾಯಿತು. ಹಸಿರು ಶಾಲಿನ ರೈತರು ಹಳ್ಳಿಹಳ್ಳಿಗಳಲ್ಲಿ ಡಂಕೆಲ್ ಹೆಸರು ಹೇಳಿದರು. ಆ ದಾರಿ ಸರಿಯೋ ತಪ್ಪೋ ಎಂಬ ಚರ್ಚೆ ಆಗಲೂ ಇತ್ತು, ಈಗಲೂ ಇದೆ. ಆದರೆ ಜಿನೀವಾದ ಕಾಗದವೊಂದು ರೈತನ ಬೀಜದ ಮಡಕೆಗೂ ಬೆಲೆಗೂ ಕೈ ಹಾಕಬಹುದು ಎಂಬ ಅರಿವು ಕನ್ನಡದ ಹಳ್ಳಿಗಳಿಗೆ ಬೇಗನೆ ಬಂತು. ಬೀಜ ಉಳಿಸಿಕೊಳ್ಳುವ, ಹಂಚಿಕೊಳ್ಳುವ ರೈತನ ಹಕ್ಕನ್ನು ಒಪ್ಪಿದ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲಿ ಬಂದದ್ದು ಇಂಥ ಒತ್ತಡಗಳ ಹಿನ್ನೆಲೆಯಲ್ಲೇ.

1994ರ ಏಪ್ರಿಲ್ 15ರಂದು ಮೊರಾಕೊದ ಮರ್ರಾಕೆಶ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಭಾರತದ ಪರವಾಗಿ ಸಹಿ ಹಾಕಿದವರು ಅಂದಿನ ವಾಣಿಜ್ಯ ಸಚಿವ ಪ್ರಣಬ್ ಮುಖರ್ಜಿ. 1995ರ ಜನವರಿ 1ರಿಂದ ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಅದರ ಕೃಷಿ ಒಪ್ಪಂದ ಮೂರು ಕಂಬಗಳ ಮೇಲೆ ನಿಂತಿದೆ. ಒಂದು, ಹೊರಗಿನ ಸರಕಿಗೆ ಮಾರುಕಟ್ಟೆ ತೆರೆಯುವುದು. ಎರಡು, ಸರ್ಕಾರ ತನ್ನ ರೈತರಿಗೆ ಕೊಡುವ ಬೆಂಬಲಕ್ಕೆ ಮಿತಿ. ಮೂರು, ರಫ್ತಿಗೆ ಕೊಡುವ ಸಬ್ಸಿಡಿ ಕಡಿತ. ಈ ಮೂರನೆಯದನ್ನು ಪೂರ್ತಿ ಕೈಬಿಡುವ ತೀರ್ಮಾನ 2015ರ ನೈರೋಬಿ ಸಭೆಯಲ್ಲಿ ಆಯಿತು. ಹಗೇವಿನ ಕತೆ ಬರುವುದು ಎರಡನೆಯ ಕಂಬದಲ್ಲಿ.

3 ರೂಪಾಯಿ 52 ಪೈಸೆಯ ಅಕ್ಕಿ

ಬಡವರಿಗೆ ಅಗ್ಗವಾಗಿ ಧಾನ್ಯ ಕೊಡಬೇಡಿ ಎಂದು ಒಪ್ಪಂದ ಹೇಳುವುದಿಲ್ಲ. ದಾಸ್ತಾನು ಮಾಡಬೇಡಿ ಎಂದೂ ಹೇಳುವುದಿಲ್ಲ. ಮಾರುಕಟ್ಟೆ ದರದಲ್ಲೇ ಕೊಂಡರೆ ತಕರಾರಿಲ್ಲ. ಆದರೆ ಸರ್ಕಾರ ಮೊದಲೇ ಸಾರಿದ ಬೆಲೆಗೆ ಕೊಂಡರೆ, ಅದನ್ನೊಂದು ಹಳೆಯ ಬೆಲೆಯೊಂದಿಗೆ ತೂಗಿ, ಹೆಚ್ಚಾದದ್ದನ್ನೆಲ್ಲ ರೈತನಿಗೆ ಕೊಟ್ಟ ಸಬ್ಸಿಡಿ ಎಂದು ಬರೆದುಕೊಳ್ಳಬೇಕು. ಅಭಿವೃದ್ಧಿಶೀಲ ದೇಶಗಳಲ್ಲಿ ಈ ಮೊತ್ತ ಆ ಬೆಳೆಯ ಒಟ್ಟು ಉತ್ಪನ್ನದ ಮೌಲ್ಯದ ಶೇ 10 ದಾಟಬಾರದು.

ಆ ಹಳೆಯ ಬೆಲೆ ಯಾವ ಕಾಲದ್ದು? 1986ರಿಂದ 88ರ ನಡುವಿನ ಅಂತರರಾಷ್ಟ್ರೀಯ ಬೆಲೆಯ ಸರಾಸರಿ! ಭಾರತದ ಅಕ್ಕಿಗೆ ಅದು ಟನ್ನಿಗೆ 3,520 ರೂಪಾಯಿ ಅಥವಾ 262.51 ಡಾಲರ್. ಅಂದರೆ ಕೆ.ಜಿ.ಗೆ 3 ರೂಪಾಯಿ 52 ಪೈಸೆ. ಆ ಕಾಲದಲ್ಲಿ ಡಾಲರಿಗೆ ಸುಮಾರು 13 ರೂಪಾಯಿ. ಗೊಬ್ಬರ, ಡೀಸೆಲ್, ಆಳಿನ ಕೂಲಿ ಎಲ್ಲ ಎಷ್ಟೋ ಪಟ್ಟು ಏರಿವೆ. ಅಳತೆಗೋಲು ಮಾತ್ರ ಅಲ್ಲೇ ನಿಂತಿದೆ.

ಲೆಕ್ಕದಲ್ಲಿ ಆಸಕ್ತಿಯಿರುವವರು ಕಾಗದ, ಪೆನ್ಸಿಲ್ ಹಿಡಿದು ಇದನ್ನು ಮಾಡಿ ನೋಡಬಹುದು. 2018-19ರಲ್ಲಿ ಸಾಧಾರಣ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 1,750 ರೂಪಾಯಿ. ಕ್ವಿಂಟಾಲ್ ಭತ್ತಕ್ಕೆ ಸುಮಾರು 67 ಕೆ.ಜಿ. ಅಕ್ಕಿ. ಹಾಗಾದರೆ ಒಂದು ಟನ್ ಅಕ್ಕಿಗೆ ಬೇಕಾಗುವ ಭತ್ತದ ಬೆಲೆ ಸುಮಾರು 26,100 ರೂಪಾಯಿ. ಡಾಲರಿಗೆ 70 ರೂಪಾಯಿ ಎಂದು ಹಿಡಿದರೆ ಅದು 373 ಡಾಲರ್. ಇದರಲ್ಲಿ 262.51 ಕಳೆದರೆ ಉಳಿಯುವುದು ಸುಮಾರು 110 ಡಾಲರ್. ಆ ವರ್ಷ ಸರ್ಕಾರ ಕೊಂಡದ್ದು ಸುಮಾರು 4.4 ಕೋಟಿ ಟನ್ ಅಕ್ಕಿ. ಗುಣಿಸಿದರೆ 484 ಕೋಟಿ ಡಾಲರ್. ಭಾರತ ಜಿನೀವಾಕ್ಕೆ ಸಲ್ಲಿಸಿದ ಲೆಕ್ಕದಲ್ಲಿದ್ದದ್ದು ಹೆಚ್ಚುಕಡಿಮೆ ಇದೇ: 500 ಕೋಟಿ ಡಾಲರ್. ಆ ವರ್ಷ ದೇಶ ಬೆಳೆದ ಅಕ್ಕಿಯ ಮೌಲ್ಯ 4,367 ಕೋಟಿ ಡಾಲರ್. ಬೆಂಬಲ ಶೇ 11.46 ಆಯಿತು. ಮಿತಿ ದಾಟಿತು.

ತಮಾಷೆಯೆಂದರೆ ಇದೇ ಲೆಕ್ಕವನ್ನು ಬೇರೆಯವರು ಮಾಡಿದರೆ ಉತ್ತರವೇ ಬೇರೆ. ಭಾರತ ಡಾಲರಿನಲ್ಲಿ ಲೆಕ್ಕ ಹಾಕುತ್ತದೆ, ನಿಜವಾಗಿ ಕೊಂಡ ಧಾನ್ಯವನ್ನಷ್ಟೇ ಗುಣಿಸುತ್ತದೆ. 2018ರಲ್ಲಿ ಅಮೆರಿಕ ತಾನೇ ಒಂದು ಎದುರು ಲೆಕ್ಕ ಸಲ್ಲಿಸಿತು. ರೂಪಾಯಿಯಲ್ಲಿ ಲೆಕ್ಕ ಹಾಕಬೇಕು, ಸರ್ಕಾರ ಕೊಳ್ಳದ ಫಸಲೂ ಆ ಬೆಲೆಯ ನೆರಳಲ್ಲೇ ಇರುವುದರಿಂದ ಅದನ್ನೂ ಸೇರಿಸಬೇಕು ಎಂಬುದು ಅದರ ವಾದ. ಹಾಗೆ ಮಾಡಿದಾಗ 2010-11ರಿಂದ 2013-14ರ ಅವಧಿಯ ಭಾರತದ ಬೆಂಬಲ ಅಕ್ಕಿಗೆ ಶೇ 70ಕ್ಕಿಂತಲೂ, ಗೋಧಿಗೆ ಶೇ 60ಕ್ಕಿಂತಲೂ ಹೆಚ್ಚಾಯಿತು. ಚೀಲ ಅದೇ, ತಕ್ಕಡಿ ಬೇರೆ.

ಮಿತಿಯ ವಿಷಯದಲ್ಲೂ ಎಲ್ಲರೂ ಸಮಾನರಲ್ಲ. 1980ರ ದಶಕದಲ್ಲಿ ಭಾರೀ ಸಬ್ಸಿಡಿ ಕೊಡುತ್ತಿದ್ದ ದೇಶಗಳಿಗೆ ಅದರಲ್ಲೊಂದಿಷ್ಟು ಕಡಿತ ಮಾಡಿ, ಉಳಿದದ್ದನ್ನು ಹಕ್ಕಾಗಿ ಇಟ್ಟುಕೊಳ್ಳಲು ಬಿಡಲಾಯಿತು. ಅಮೆರಿಕಕ್ಕೆ ಹೀಗೆ ಉಳಿದ ಹಕ್ಕು ವರ್ಷಕ್ಕೆ 1,910 ಕೋಟಿ ಡಾಲರ್. ಅದನ್ನು ಬೇಕಾದ ಬೆಳೆಗೆ ಬೇಕಾದಷ್ಟು ಸುರಿಯಬಹುದು. ಆಗ ಸಬ್ಸಿಡಿ ಕೊಡಲು ಗತಿಯಿಲ್ಲದಿದ್ದ ಭಾರತದಂಥ ದೇಶಗಳಿಗೆ ಉಳಿದದ್ದು ಪ್ರತಿ ಬೆಳೆಗೂ ಶೇ 10ರ ಗೆರೆ ಮಾತ್ರ. ಹಿಂದೆ ಹೆಚ್ಚು ಉಂಡವನಿಗೆ ಮುಂದೆಯೂ ದೊಡ್ಡ ತಟ್ಟೆ ಎಂಬಂತಾಯಿತು.

ರಾಗಿಯ ಪ್ರಮಾಣ ಅಕ್ಕಿಯ ಮುಂದೆ ಬಹಳ ಸಣ್ಣದು. ಜಿನೀವಾದಲ್ಲಿ ಅಕ್ಕಿ, ಗೋಧಿಗೆ ನಡೆದಷ್ಟು ಜಗಳ ರಾಗಿಗೆ ನಡೆದಿಲ್ಲ. ಆದರೆ ನಿಯಮ ಬೆಳೆಯ ಜಾತಿ ನೋಡುವುದಿಲ್ಲ. ಸಾರಿದ ಬೆಲೆಗೆ ಸರ್ಕಾರ ಕೊಳ್ಳುವ ಯಾವ ಬೆಳೆಯೂ ಆ ತಕ್ಕಡಿಯ ಮುಂದೆ ನಿಲ್ಲಬೇಕಾದದ್ದೇ.

ತಾತ್ಕಾಲಿಕ ಶಾಂತಿ

ಆಹಾರ ಭದ್ರತಾ ಕಾಯ್ದೆ ಬಂದ ವರ್ಷವೇ, 2013ರ ಡಿಸೆಂಬರ್‌ನಲ್ಲಿ, ಇಂಡೊನೇಷ್ಯದ ಬಾಲಿಯಲ್ಲಿ ಸಚಿವರ ಸಭೆ ನಡೆಯಿತು. ಕಾಯ್ದೆಯನ್ವಯ ದೇಶದ ಮೂರನೇ ಎರಡರಷ್ಟು ಜನರಿಗೆ ಧಾನ್ಯ ಕೊಡಬೇಕಿದ್ದ ಭಾರತ ಈ ಶೇ 10ರ ಗೆರೆಯನ್ನು ಪ್ರಶ್ನಿಸಿತು. ಕೊನೆಗೆ ಒಂದು ರಾಜಿಯಾಯಿತು. ಆ ದಿನಾಂಕಕ್ಕೆ ಮೊದಲೇ ಇದ್ದ ಆಹಾರ ದಾಸ್ತಾನು ಯೋಜನೆಗಳು ಮಿತಿ ದಾಟಿದರೂ ಯಾರೂ ದಾವೆ ಹೂಡುವಂತಿಲ್ಲ. ಇದೇ ಶಾಂತಿ ಷರತ್ತು. ಅದಕ್ಕೆ ಪ್ರತಿಯಾಗಿ ಎಲ್ಲ ಲೆಕ್ಕಪತ್ರ ತೆರೆದಿಡಬೇಕು, ಆ ಧಾನ್ಯ ಬೇರೆ ದೇಶಗಳ ವ್ಯಾಪಾರವನ್ನಾಗಲೀ ಆಹಾರ ಭದ್ರತೆಯನ್ನಾಗಲೀ ಕೆಡಿಸಬಾರದು.

ಆದರೆ ಶಾಶ್ವತ ಪರಿಹಾರ ಸಿಗುವವರೆಗೆ ಈ ರಕ್ಷಣೆ ಇರುತ್ತದೆಯೇ ಎಂಬ ಅನುಮಾನ ಉಳಿಯಿತು. 2014ರ ಜುಲೈನಲ್ಲಿ ಭಾರತ ಬೇರೊಂದು ವ್ಯಾಪಾರ ಒಪ್ಪಂದಕ್ಕೆ ಒಪ್ಪಿಗೆ ತಡೆದು ಪಟ್ಟು ಹಿಡಿಯಿತು. ಆ ವರ್ಷದ ನವೆಂಬರ್‌ನಲ್ಲಿ, ಪರಿಹಾರ ಸಿಗುವ ತನಕವೂ ಶಾಂತಿ ಷರತ್ತು ಜಾರಿಯಲ್ಲಿರುತ್ತದೆ ಎಂಬ ತೀರ್ಮಾನ ಬಂತು. 2018-19ರ ಅಕ್ಕಿಯ ಬೆಂಬಲ ಮಿತಿ ದಾಟಿದಾಗ, 2020ರಲ್ಲಿ, ಭಾರತ ಈ ಷರತ್ತನ್ನು ಬಳಸಿಕೊಂಡಿತು. ಹಾಗೆ ಮಾಡಿದ ಮೊದಲ ದೇಶ ಅದೇ. 2024ರ ಆರಂಭದಲ್ಲಿ ಅಬುಧಾಬಿಯಲ್ಲಿ ನಡೆದ ಸಚಿವರ ಸಭೆಯೂ ಕೃಷಿಯ ಮಟ್ಟಿಗೆ ಬರಿಗೈಯಲ್ಲಿ ಮುಗಿಯಿತು.

2013ರ ನಂತರ ಹೊಸದಾಗಿ ಹಗೇವು ತೋಡಲು ಹೊರಡುವ ಆಫ್ರಿಕದ ಬಡ ದೇಶಕ್ಕೆ ಮಾತ್ರ ಬಾಲಿಯ ರಕ್ಷಣೆ ಇಲ್ಲ. ರಾಗಿ ಮೂಲತಃ ಪೂರ್ವ ಆಫ್ರಿಕದ ಬೆಳೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕ ಸೇರಿ ಇಂಡಾಫ್. ಬೀಜ ಕೊಟ್ಟ ಖಂಡಕ್ಕೆ ಅದನ್ನು ಕೂಡಿಡುವ ಹಕ್ಕು ಮಾತ್ರ ಗಟ್ಟಿಯಾಗಿ ಸಿಕ್ಕಿಲ್ಲ.

ಎಲ್ಲ ತಪ್ಪೂ ಜಿನೀವಾದ್ದೇ?

ಹಾಗೆ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಅಡುಗೆ ಎಣ್ಣೆಯ ಕತೆ ನೋಡಿ. 1986ರಲ್ಲಿ ಶುರುವಾದ ಎಣ್ಣೆಬೀಜ ತಂತ್ರಜ್ಞಾನ ಮಿಷನ್‌ನಿಂದ 1990ರ ದಶಕದ ಆರಂಭಕ್ಕೆ ಭಾರತ ಎಣ್ಣೆಯಲ್ಲಿ ಬಹುತೇಕ ಸ್ವಾವಲಂಬಿಯಾಗಿತ್ತು. ಕಡೂರು ಬಯಲಿನಂಥ ಮಳೆಯಾಶ್ರಿತ ಸೀಮೆಯ ಕಡಲೆಕಾಯಿಗೆ ಅದು ಒಳ್ಳೆಯ ಕಾಲ. ಮರ್ರಾಕೆಶ್ ಒಪ್ಪಂದದಲ್ಲಿ ತಾಳೆ ಎಣ್ಣೆಯ ಮೇಲೆ ಶೇ 300ರವರೆಗೆ ಆಮದು ಸುಂಕ ಹಾಕುವ ಹಕ್ಕನ್ನು ಭಾರತ ಉಳಿಸಿಕೊಂಡಿತ್ತು. ಆದರೆ 1994ರಲ್ಲಿ ಶೇ 65ರ ಸುಂಕದೊಂದಿಗೆ ಆಮದಿಗೆ ಬಾಗಿಲು ತೆರೆದು, 1998ರ ಹೊತ್ತಿಗೆ ಅದನ್ನು ಶೇ 15ಕ್ಕೆ ಇಳಿಸಿದ್ದು ದಿಲ್ಲಿಯೇ. ಜಿನೀವಾ ಕೇಳಿರಲಿಲ್ಲ. ಪಟ್ಟಣದ ಗ್ರಾಹಕನಿಗೆ ಅಗ್ಗದ ಎಣ್ಣೆ ಸಿಕ್ಕಿತು, ನಿಜ. ಬೆಳೆಗಾರನಿಗೆ ಉಮೇದು ಹೋಯಿತು. ಈಗ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯ ಕೆಲವು ವಾರ ತಾಳೆ ಎಣ್ಣೆ ರಫ್ತು ನಿಲ್ಲಿಸಿದಾಗ, ಒಗ್ಗರಣೆಗೂ ಸಮುದ್ರದಾಚೆಯ ಅಪ್ಪಣೆ ಬೇಕಾದ ಸ್ಥಿತಿ ಬಯಲಾಯಿತು.

ಇದಕ್ಕೆ ಪ್ರತಿಯಾಗಿ ಭಾರತವೂ ಬಾಗಿಲು ಹಾಕಿದ್ದುಂಟು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅದು ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40 ಭಾರತದ್ದೇ ಆದ್ದರಿಂದ ಅದನ್ನು ನಂಬಿದ್ದ ಆಫ್ರಿಕದ ದೇಶಗಳಿಗೆ ಬಿಸಿ ತಟ್ಟಿತು. ಈರುಳ್ಳಿಗೆ 2023ರ ಆಗಸ್ಟ್‌ನಲ್ಲಿ ಶೇ 40 ರಫ್ತು ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. ಪಟ್ಟಣಗಳಲ್ಲಿ ಬೆಲೆ ಇಳಿಸುವುದು ಉದ್ದೇಶ. ಕಡೂರು, ಅಜ್ಜಂಪುರ ಕಡೆಯ ಈರುಳ್ಳಿ ಬೆಳೆಗಾರನಿಗೆ ಅದು ಕೈಗೆ ಬಂದ ಬೆಲೆಯನ್ನು ಕಿತ್ತುಕೊಂಡಂತೆ. ಆಮದನ್ನು ತಡೆಯುವವರ ಮೇಲೆ ಕಣ್ಣಿಡುವ ವ್ಯಾಪಾರ ನಿಯಮಗಳು ರಫ್ತು ತಡೆಯುವವರ ವಿಷಯದಲ್ಲಿ ಬಹಳ ಸಡಿಲ. ಮೊದಲೇ ತಿಳಿಸಿ, ಇತರರ ಕಷ್ಟ ಗಮನಿಸಿ ಎನ್ನುವುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

ಥಾಯ್ಲೆಂಡ್, ಪಾಕಿಸ್ತಾನದಂಥ ಅಕ್ಕಿ ಮಾರುವ ದೇಶಗಳ ದೂರನ್ನೂ ತಳ್ಳಿಹಾಕುವಂತಿಲ್ಲ. ಬೆಂಬಲ ಬೆಲೆಯಿಂದ ಹೆಚ್ಚು ಬೆಳೆದ ಭಾರತದ ಅಕ್ಕಿ ಹೊರಗೆ ಹರಿದರೆ ತಮ್ಮ ರೈತರ ಬೆಲೆ ಬೀಳುತ್ತದೆ ಎನ್ನುತ್ತಾರೆ ಅವರು. ಅಲ್ಲಿಯೂ ಹೊಲವಿದೆ, ಸಾಲವಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ.

ಹಣವಿದ್ದರೂ ಅಕ್ಕಿ ಇಲ್ಲ

ಹಾಗಾದರೆ ಹಗೇವು ಯಾಕೆ? ಹಣವೊಂದಿದ್ದರೆ ಬೇಕಾದಾಗ ಪೇಟೆಯಿಂದ ತರಬಹುದಲ್ಲ? ಮುಕ್ತ ವ್ಯಾಪಾರದ ಪರ ಇರುವವರ ಮುಖ್ಯ ವಾದ ಇದೇ. ಒಳ್ಳೆಯ ವರ್ಷಗಳಲ್ಲಿ ಅದು ಸರಿಯೂ ಹೌದು. ಆದರೆ 2008ರ ಮೊದಲ ಕೆಲವೇ ತಿಂಗಳಲ್ಲಿ ಥಾಯ್ಲೆಂಡಿನ ಅಕ್ಕಿ ಟನ್ನಿಗೆ 400 ಡಾಲರಿನ ಆಸುಪಾಸಿನಿಂದ 1,000 ಡಾಲರಿನಾಚೆಗೆ ಜಿಗಿಯಿತು. ಬೆಳೆಯುವ ದೇಶಗಳು ಬಾಗಿಲು ಹಾಕಿದವು. ಅಕ್ಕಿ ಕೊಳ್ಳಲು ಹೊರಟ ಫಿಲಿಪ್ಪೀನ್ಸ್ ಪರದಾಡಿತು.

ಅಷ್ಟು ದೂರ ಹೋಗುವುದೂ ಬೇಡ. 2023ರಲ್ಲಿ ಕರ್ನಾಟಕ ಸರ್ಕಾರ ಅನ್ನಭಾಗ್ಯದಲ್ಲಿ ತಲೆಗೆ ಇನ್ನೂ 5 ಕೆ.ಜಿ. ಅಕ್ಕಿ ಕೊಡಲು ಹೊರಟಿತು. ಕೆ.ಜಿ.ಗೆ 34 ರೂಪಾಯಿ ಕೊಡಲು ಸಿದ್ಧವಿತ್ತು. ಆದರೆ ಕೇಂದ್ರ ಆ ಜೂನ್‌ನಲ್ಲಿ ಆಹಾರ ನಿಗಮದ ದಾಸ್ತಾನನ್ನು ರಾಜ್ಯಗಳಿಗೆ ಮುಕ್ತವಾಗಿ ಮಾರುವುದನ್ನು ನಿಲ್ಲಿಸಿತು. ಬೇರೆ ರಾಜ್ಯಗಳಲ್ಲಿ ವಿಚಾರಿಸಿದರೂ ಬೇಕಾದಷ್ಟು ಅಕ್ಕಿ ಆ ಬೆಲೆಗೆ ಸಿಗಲಿಲ್ಲ. ಕೊನೆಗೆ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಹಾಕಬೇಕಾಯಿತು. ಅಕ್ಕಿಯೇ ಕೊಡುವ ತೀರ್ಮಾನವಾದದ್ದು 2025ರಲ್ಲಿ. ರಾಜಕೀಯ ಏನೇ ಇರಲಿ, ಪಾಠ ಸ್ಪಷ್ಟ. ಕೈಯಲ್ಲಿ ದುಡ್ಡಿದ್ದ ಮಾತ್ರಕ್ಕೆ ತಟ್ಟೆಗೆ ಅನ್ನ ಬರುವುದಿಲ್ಲ. ಅದೇ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಿತವಾದವು. ಒಂದು ರಾಜ್ಯಕ್ಕೆ ತನ್ನದೇ ದೇಶದೊಳಗೆ ಹೀಗಾದರೆ, ವಿದೇಶಿ ವಿನಿಮಯಕ್ಕೂ ತತ್ವಾರವಿರುವ ಸಣ್ಣ ದೇಶದ ಪಾಡೇನು?

ಆದ್ದರಿಂದ ಬಡ ದೇಶಗಳು ಕೇಳುತ್ತಿರುವುದು ವ್ಯಾಪಾರ ಬೇಡ ಎಂದಲ್ಲ. ತನ್ನ ರೈತನಿಂದ ನ್ಯಾಯವಾದ ಬೆಲೆಗೆ ಕೊಂಡು ತನ್ನ ಬಡವನಿಗೆ ಉಣಿಸುವುದನ್ನು ತಪ್ಪಿನ ಪಟ್ಟಿಗೆ ಸೇರಿಸಬೇಡಿ. ಅಳೆಯಲೇಬೇಕಿದ್ದರೆ ಇಂದಿನ ಸೇರಿನಲ್ಲಿ ಅಳೆಯಿರಿ, 1986ರ ಸೇರಿನಲ್ಲಲ್ಲ ಎಂದಷ್ಟೇ. ಹೆಚ್ಚುವರಿ ಧಾನ್ಯ ಹೊರಗೆ ಹರಿದು ಇನ್ನೊಬ್ಬ ರೈತನನ್ನು ಮುಳುಗಿಸದಂತೆ ಕಾಯುವುದು ಕೇಳುವವರ ಹೊಣೆ. ತನ್ನ ಹಗೇವಿಗೆ ಹಕ್ಕು ಕೇಳುವವನು ನೆರೆಯವನ ಹಗೇವಿಗೂ ಅದೇ ಹಕ್ಕು ಕೊಡಬೇಕು.

ಈ ಲೆಕ್ಕ ಮಾಡಲು ಬಲ್ಲವರು ನಮ್ಮಲ್ಲಿ ಹೆಚ್ಚಬೇಕು. ಜಿನೀವಾದ ಮೇಜಿನಲ್ಲಿ ಕೂಗಿಗಿಂತ ಅಂಕಿಗೆ ಬೆಲೆ. ಅರ್ಥಶಾಸ್ತ್ರ, ಕಾನೂನು, ಕೃಷಿ ವಿಜ್ಞಾನ ಓದುವ ಹಳ್ಳಿಯ ಮಕ್ಕಳಿಗೆ ಇಲ್ಲೊಂದು ದೊಡ್ಡ ಕೆಲಸ ಕಾದಿದೆ. ಕಣದಲ್ಲಿ ರಾಗಿ ತೂರಿದ ಕೈಗೆ ಕಾಳು ಯಾವುದು, ಹೊಟ್ಟು ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಒಪ್ಪಂದದ ಕಾಗದದಲ್ಲೂ ಅದನ್ನು ಬೇರ್ಪಡಿಸಲು ಕಲಿತರೆ ಸಾಕು.

ಹಿರೇನಲ್ಲೂರು ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ರೈತ ಮೊದಲು ಮನೆಗೆ ಬೇಕಾದಷ್ಟು ರಾಗಿ ಎತ್ತಿಟ್ಟು, ಮಿಕ್ಕದ್ದನ್ನು ಮಾರುತ್ತಾನೆ. ಯಾವ ಒಪ್ಪಂದವನ್ನೂ ಓದದೆ ಅವನು ಕಲಿತ ಕ್ರಮ ಇದು. ಮೊದಲು ಹಗೇವು, ಆಮೇಲೆ ಸಂತೆ.